ಮರಕ್ಕೆ ಬಾಗಿದ ಗೆರೆ

ಹೊಟ್ಟೆಕಿಚ್ಚು ಅವಳಿಗೆ ಹೊಸದಲ್ಲ. ಆದರೆ ಒಂದು ಮರದ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದು ಅದೇ ಮೊದಲು.

ಅವಳನ್ನು ಎಲ್ಲರೂ ಡಾಂಬರಕ್ಕ ಅನ್ನುತ್ತಿದ್ದರು. ಹನ್ನೊಂದನೇ ವಯಸ್ಸಿಗೆ ರಸ್ತೆ ಕೆಲಸಕ್ಕೆ ಬಿದ್ದವಳು, ಈಗ ನಲವತ್ತಾರು. ಮೊದಲು ಜಲ್ಲಿ ಹೊತ್ತಳು. ತೋಳಿಗೆ ಬಲ ಬಂದ ಮೇಲೆ ಬಿಸಿ ಡಾಂಬರು ಬೆರೆಸಿದ ಜಲ್ಲಿಯನ್ನು ಬಾಂಡಲಿಯಲ್ಲಿ ಹೊತ್ತು ಸುರಿದಳು. ಕಾಲಿಗೆ ಗೋಣಿಪಟ್ಟಿ ಸುತ್ತಿ, ಅದರ ಮೇಲೆ ಹಳೇ ಟೈರಿನ ಚಪ್ಪಲಿ ಕಟ್ಟಿದರೂ ಸಂಜೆಯ ಹೊತ್ತಿಗೆ ಅಂಗಾಲು ಬೆಂದುಹೋಗುತ್ತಿತ್ತು. ಎಡಗೈಯಲ್ಲಿ ಮೊಣಕೈವರೆಗೆ ಸುಟ್ಟ ಕಲೆ. ಉಗುರಿನ ಸಂದಿಯ ಕರಿ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಊರಿನ ಯಾವ ರಸ್ತೆ ಯಾವ ವರ್ಷದ್ದು, ಯಾವುದರ ಹೊಟ್ಟೆಯಲ್ಲಿ ಎಷ್ಟು ಜಲ್ಲಿ ಇದೆ, ಯಾವುದರಲ್ಲಿ ಕಂಟ್ರಾಕ್ಟರು ಜಲ್ಲಿ ನುಂಗಿ ಮಣ್ಣು ತುಂಬಿಸಿದ, ಎಲ್ಲ ಆ ಅಂಗಾಲಿಗೆ ಗೊತ್ತು.

ಆ ದಿನ ಯೋಜನಾ ಕಚೇರಿಯ ಅಂಗಳಕ್ಕೆ ತೇಪೆ ಹಾಕುವ ಕೆಲಸ. ಒಳಗೆ ಸಭೆ ನಡೀತಿತ್ತು. ಊರಿಗೆ ಹೊಸದಾಗಿ ನೂರಡಿ ರಸ್ತೆ ಬರುತ್ತಂತೆ, ಜನರ ಅಭಿಪ್ರಾಯ ಕೇಳುತ್ತಾರಂತೆ. ಕೇಳಲಿ ಬಿಡು, ನಮ್ಮನ್ನು ಯಾರು ಕೇಳ್ತಾರೆ ಅಂದುಕೊಂಡು ಡಾಂಬರಕ್ಕ ಬಾಂಡಲಿ ಎತ್ತಿದಳು. ಕಿಟಕಿ ತೆರೆದಿತ್ತು. ಒಳಗೆ ಬಡಾವಣೆಯ ಒಬ್ಬ ಹೆಂಗಸು ಎದ್ದು ನಿಂತಿದ್ದಳು. ನಿವೃತ್ತ ಟೀಚರು, ನರೆತ ಕೂದಲು, ಮೆತ್ತನೆ ದನಿ.

"ರಸ್ತೆಯ ಗೆರೆ ನಮ್ಮ ಪಾರ್ಕಿನ ಅಂಚಲ್ಲಿ ಹೋಗ್ತಿದೆ. ಅಲ್ಲೊಂದು ಮರ ಇದೆ ಸರ್. ಅದಕ್ಕೆ ಎಂಬತ್ತು ವರ್ಷ. ಅದಕ್ಕೂ ಬದುಕೋ ಹಕ್ಕಿದೆ. ಅದರ ಬೇರು ಎಲ್ಲೆಲ್ಲಿ ಹರಡಿದೆ ಅಂತ ನಿಮ್ಮ ನಕ್ಷೆಗೆ ಗೊತ್ತಾ?"

ಯೋಜನಾಧಿಕಾರಿ ತಲೆ ಅಲ್ಲಾಡಿಸಿದರು. ಪೆನ್ನು ತೆಗೆದರು. ಬರೆದರು. ಬರೆದದ್ದನ್ನು ಇನ್ನೊಂದು ಸಲ ಓದಿ ಹೇಳಿ, "ಸರಿ ಇದೆಯಾ ಮೇಡಂ?" ಅಂತ ಕೇಳಿದರು.

ಡಾಂಬರಕ್ಕ ಬಾಂಡಲಿ ಹೊತ್ತವಳು ಅಲ್ಲೇ ನಿಂತುಬಿಟ್ಟಳು. ತಲೆ ಮೇಲೆ ಜಲ್ಲಿ ಹೊಗೆಯಾಡುತ್ತಿತ್ತು. ಒಂದು ಮರದ ಮಾತನ್ನು ಸರ್ಕಾರ ಬರಕೊಳ್ಳುವುದನ್ನು ಅವಳು ಅದುವರೆಗೂ ನೋಡಿರಲಿಲ್ಲ. ಹೋಗಲಿ, ಮನುಷ್ಯರ ಮಾತು ಬರಕೊಂಡದ್ದನ್ನೂ ನೋಡಿರಲಿಲ್ಲ.

"ಏನು ಸಿನಿಮಾ ನೋಡ್ತಿದೀಯಾ?" ಅಂತ ಹಿಂದಿನಿಂದ ಮೇಸ್ತ್ರಿ ಕೂಗಿದ. "ಮಾಲು ತಣ್ಣಗಾದ್ರೆ ನಿಮ್ಮಪ್ಪ ಬಂದು ಕಾಯಿಸ್ತಾನಾ?"

ಎರಡು ತಿಂಗಳಲ್ಲಿ ಹೊಸ ನಕ್ಷೆ ಬಂತು. ಗೆರೆ ಮರವನ್ನು ಬಳಸಿಕೊಂಡು ಬಾಗಿತ್ತು. ಬಾಗಿ, ಸೀದಾ ಬಂದು ಸಾಲುಮನೆಯ ಮೇಲೆ ಬಿದ್ದಿತ್ತು.

ಸಾಲುಮನೆ ಅಂದರೆ ಹದಿನಾಲ್ಕು ಮನೆ. ಒಂದರ ಗೋಡೆಗೆ ಇನ್ನೊಂದು ಆತುಕೊಂಡು ನಿಂತವು. ರಸ್ತೆ ಕೆಲಸದವರು, ಚರಂಡಿ ಕೆಲಸದವರು. ಮೂರನೇ ಮನೆ ಡಾಂಬರಕ್ಕನದು. ಗಂಡ ಹೋಗಿ ಆರು ವರ್ಷ. ಈಗ ಅವಳು ಮತ್ತು ಮುದುಕಿ ಅವ್ವ. ಕೊನೇ ಮನೆ, ಮೂಲೆಯದು, ತಂಗಿಯದು.

ಹೊಟ್ಟೆಕಿಚ್ಚಿನ ಬೇರು ಅಲ್ಲಿತ್ತು.

ಅಪ್ಪ ಕಲ್ಲುಕ್ವಾರಿಯಲ್ಲಿ ಸತ್ತಾಗ ತಂಗಿ ಎರಡು ವರ್ಷದ ಕೂಸು. ಅಕ್ಕ ಜಲ್ಲಿ ಹೊರೋಕೆ ಹೋದಳು. ಕೂಸು ಬೆಳೆದು ಇಸ್ಕೂಲಿಗೆ ಹೋಯಿತು. ಹೀಗೇ ಆಗಲಿ ಅಂತ ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಆಗಿಹೋಯಿತು. ತಂಗಿ ಎಂಟನೇ ಕ್ಲಾಸು ಮುಗಿಸಿದಳು. ಈಗ ಗ್ರಂಥಾಲಯದಲ್ಲಿ ಪುಸ್ತಕದ ಧೂಳು ಒರೆಸುವ ಕೆಲಸ. ತಲೆ ಮೇಲೆ ಫ್ಯಾನು. ಧೂಳು ಒರೆಸುತ್ತಾ ಒರೆಸುತ್ತಾ ಪುಸ್ತಕ ಓದಿ ಮಾತು ಕಲಿತಿದ್ದಳು. ಸಾಲುಮನೆಯಲ್ಲಿ ಯಾರಿಗೆ ಕಾಗದ ಬಂದರೂ ಅವಳ ಬಾಗಿಲಿಗೆ ಹೋಗುತ್ತಿದ್ದರು. ಡಾಂಬರಕ್ಕನ ಬಾಗಿಲು ದಾಟಿಕೊಂಡೇ ಹೋಗಬೇಕಿತ್ತು. ದಾಟುವಾಗ ಒಂದು ಮಾತು ಕೂಡ ಆಡುತ್ತಿರಲಿಲ್ಲ.

ಅವ್ವ ಊಟ ಮಾಡುತ್ತಿದ್ದದ್ದು ದೊಡ್ಡವಳ ಮನೆಯಲ್ಲಿ, ಹಾಡಿ ಹೊಗಳುತ್ತಿದ್ದದ್ದು ಚಿಕ್ಕವಳನ್ನು. "ಚಿಕ್ಕವಳ ಕೈ ನೋಡು, ಹತ್ತಿ ಇದ್ದ ಹಾಗಿದೆ. ನಿನ್ನ ಕೈ ಮುಟ್ಟಿದ್ರೆ ನನ್ನ ಸೀರೆ ದಾರ ಕಿತ್ತು ಬರುತ್ತೆ."

"ಹಾಗಾದ್ರೆ ಹತ್ತಿ ಕೈಲೇ ಉಣ್ಣು ಹೋಗು," ಅನ್ನುತ್ತಿದ್ದಳು ಡಾಂಬರಕ್ಕ. ಅಂದು, ಮತ್ತೆ ಬಡಿಸುತ್ತಿದ್ದಳು.

ನೋಟೀಸು ಅಂಟಿಸಿದ ದಿನ ಎಲ್ಲರೂ ತಂಗಿಯ ಸುತ್ತ ನಿಂತರು. ತಂಗಿ ಗಟ್ಟಿಯಾಗಿ ಓದಿದಳು. "ಸದರಿ ರಸ್ತೆಯ ಬಗ್ಗೆ ಸಾರ್ವಜನಿಕರಿಗೆ ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನದೊಳಗೆ ಲಿಖಿತವಾಗಿ..."

"ಆಕ್ಷೇಪಣೆ ಅಂದ್ರೆ?" ಅಂದಳು ಡಾಂಬರಕ್ಕ.

"ಬೇಡ ಅನ್ನೋದು."

"ಬೇಡ ಅನ್ನೋಕೆ ಅಷ್ಟುದ್ದ ಮಾತು ಯಾಕೆ?"

ಒಂದಿಬ್ಬರು ನಕ್ಕರು. ತಂಗಿ ನಗಲಿಲ್ಲ. ಸಭೆಗೆ ಹೋಗಿ ಹೇಳಬೇಕು ಅಂದಳು. ಮಿಕ್ಕ ಹನ್ನೆರಡು ಮನೆಯವರೂ ಒಂದೇ ಬಾಯಲ್ಲಿ ಅಂದರು: "ನೀನೇ ಹೇಳಮ್ಮ. ನಮ್ಮೆಲ್ಲರ ಪರವಾಗಿ ನೀನೇ."

ಕಿಟಕಿಯಲ್ಲಿ ನಿಂತು ಮೊದಲ ಸಭೆ ನೋಡಿದವಳು ತಾನು. ಮರದ ಸುದ್ದಿ ತಂದವಳು ತಾನು. ಇಪ್ಪತ್ತು ಊರಿನ ರಸ್ತೆ ಹಾಕಿದವಳು ತಾನು. ನೀನು ಏನಂತೀಯಾ ಅಂತ ಒಬ್ಬರಾದರೂ ತಿರುಗಿ ನೋಡಲಿಲ್ಲ. ಡಾಂಬರಕ್ಕನ ಎದೆಯಲ್ಲಿ ಸಣ್ಣಗೆ ಕೆಂಡ ಮಗುಚಿದ ಹಾಗಾಯಿತು.

"ನೀನೂ ಬಾ ಅಕ್ಕ," ಅಂದಳು ತಂಗಿ. "ಆದ್ರೆ ಬಾಯಿ ಬಿಡಬೇಡ. ನಿಂಗೆ ಸಿಟ್ಟು ಜಾಸ್ತಿ. ಬೈದುಬಿಡ್ತೀಯ."

ಸಭೆಯ ಬಾಗಿಲಲ್ಲಿ ಕಾವಲಿನವನು ತಡೆದ. "ಚಪ್ಪಲಿ ಹೊರಗೆ ಬಿಡಿ. ಡಾಂಬರು ಹತ್ತಿದ್ರೆ ಟೈಲ್ಸ್ ಕ್ಲೀನ್ ಆಗಲ್ಲ." ಬಡಾವಣೆಯವರು ಬೂಟು ಹಾಕಿಕೊಂಡೇ ಒಳಗೆ ಹೋದರು. ಸಾಲುಮನೆಯವರು ಬರಿಗಾಲಲ್ಲಿ ಹೋದರು. ಮುಂದಿನ ಎರಡು ಸಾಲು ಕುರ್ಚಿಗೆ ಬಡಾವಣೆ ಸಂಘದ ಚೀಟಿ ಅಂಟಿಸಿತ್ತು. ಹಿಂದಿನ ಕುರ್ಚಿಗೆ ಚೀಟಿ ಇರಲಿಲ್ಲ, ಆದರೂ ಕೂರಲು ಇವರಿಗೆ ಧೈರ್ಯ ಬರಲಿಲ್ಲ. ಗೋಡೆಗೆ ಒರಗಿ ನಿಂತರು. ಆಮೇಲೆ ಗೋಡೆ ಕೊಳೆಯಾಗುತ್ತೆ ಅಂತ ಒರಗುವುದನ್ನೂ ಬಿಟ್ಟರು.

ತಂಗಿ ತುಂಬಿಸಿಕೊಟ್ಟಿದ್ದ ಅರ್ಜಿಗಳನ್ನು ಗುಮಾಸ್ತ ನೋಡಿದ. "ಸ್ವತ್ತಿನ ನಂಬರ್ ಎಲ್ಲಿ?"

"ನಮಗೆ ನಂಬರ್ ಕೊಟ್ಟಿಲ್ಲ."

"ನಂಬರ್ ಇಲ್ಲ ಅಂದ್ರೆ ಮನೆ ಇಲ್ಲ. ಮನೆ ಇಲ್ಲ ಅಂದ್ರೆ ಅರ್ಜಿ ಇಲ್ಲ," ಅಂದು ಹದಿನಾಲ್ಕನ್ನೂ ವಾಪಸ್ ತಳ್ಳಿದ. "ಬೇಕಾದ್ರೆ ಒಬ್ಬರು ಮಾತಾಡಿ. ಮೂರು ನಿಮಿಷ."

ತಂಗಿ ಮಾತಾಡಿದಳು. ಒಂದು ಮಾತು ತಪ್ಪದೆ, ದನಿ ಏರಿಸದೆ, "ಮಾನ್ಯರೇ" ಅಂತ ಶುರುಮಾಡಿ. ಡಾಂಬರಕ್ಕನಿಗೆ ಹೆಮ್ಮೆ ಆಗಬೇಕಿತ್ತು. ಆಗಲಿಲ್ಲ. ಆ ಮಾತಿನ ಒಂದೊಂದು ಅಕ್ಷರಕ್ಕೂ ನಾನು ಒಂದೊಂದು ಬಾಂಡಲಿ ಹೊತ್ತಿದ್ದೇನೆ ಅಂತ ಅನ್ನಿಸಿತು.

ಮಾತು ಮುಗಿದ ಮೇಲೆ ಯೋಜನಾಧಿಕಾರಿ ಕೈ ತಟ್ಟಿದರು. "ಎಷ್ಟು ಚೆನ್ನಾಗಿ ಮಾತಾಡ್ತೀರಮ್ಮ! ಎಲ್ಲಿ ಕಲಿತಿರಿ? ಬನ್ನಿ, ಕೂತ್ಕೊಳ್ಳಿ, ಇಲ್ಲಿ ಕೂತ್ಕೊಳ್ಳಿ." ತಮ್ಮ ಪಕ್ಕದ ಕುರ್ಚಿ ತೋರಿಸಿದರು. ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು. ಫೋಟೋದವನು ಬಂದ. "ಇನ್ನು ಮೇಲೆ ಸಾಲುಮನೆಯ ಪ್ರತಿನಿಧಿ ನೀವೇ. ಇಲ್ಲೊಂದು ಹಾಜರಿ ಸಹಿ ಹಾಕಿ." ತಂಗಿ ಸಹಿ ಹಾಕಿದಳು. ಅವರು ಬಗ್ಗಿ ನಗುತ್ತಾ ಕೇಳಿದರು, "ನಿಮ್ಮ ಮನೆ ಯಾವುದಮ್ಮ ಅಲ್ಲಿ?"

"ಕೊನೇದು ಸರ್. ಮೂಲೇದು."

ಗೋಡೆ ಬಳಿ ನಿಂತ ಡಾಂಬರಕ್ಕನಿಗೆ ರಸ್ತೆ ಮರೆತುಹೋಗಿತ್ತು. ಮನೆ ಮರೆತುಹೋಗಿತ್ತು. ತಂಗಿಯ ತುಟಿಗೆ ತಾಗಿದ ಆ ಕಪ್ಪು ಒಂದೇ ಕಾಣುತ್ತಿತ್ತು. ತಂಗಿ ಕಿರುಬೆರಳು ಎತ್ತಿ ಹಿಡಿದಿದ್ದಳು. ಈ ಬೆರಳು ಎತ್ತೋದನ್ನ ಯಾವಾಗ ಕಲಿತಳು ಇವಳು?

"ಯಾಕೆ ಅಕ್ಕ ಮುಖ ಊದಿಸಿಕೊಂಡಿದೀಯಾ?" ಅಂದಳು ತಂಗಿ ದಾರಿಯಲ್ಲಿ.

"ಚಹಾಕ್ಕೆ ಸಕ್ಕರೆ ಸರಿ ಇತ್ತಾ?"

"ಅಕ್ಕ!"

"ಕೇಳಿದೆ ಅಷ್ಟೇ. ನಮಗೇನು ಗೊತ್ತು ಅದರ ರುಚಿ."

ಮನೆ ತಲುಪುವವರೆಗೂ ಡಾಂಬರಕ್ಕ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಮೂರು ವಾರ ಕಳೆದಿರಬೇಕು. ಬೆಳಗ್ಗೆ ಮೇಸ್ತ್ರಿ ಗ್ಯಾಂಗನ್ನು ಕರೆದು, "ಇವತ್ತು ಡಾಂಬರು ಇಲ್ಲ, ಸುಣ್ಣ," ಅಂದ. ಹೊಸ ರಸ್ತೆಗೆ ಗುರುತು ಹಾಕೋದು. ಮುಂದೆ ಸರ್ವೆಯವನು ಗೂಟ ನೆಡುತ್ತಾ ಹೋದ. ಹಿಂದೆ ಡಾಂಬರಕ್ಕ ಬುಟ್ಟಿಯಲ್ಲಿ ಸುಣ್ಣದ ಪುಡಿ ಹಿಡಿದು ಗೂಟದಿಂದ ಗೂಟಕ್ಕೆ ಗೆರೆ ಬಿಡುತ್ತಾ ಹೋದಳು. ಅವಳ ಗೆರೆ ಅಂದರೆ ಗೆರೆ. ದಾರ ಹಿಡಿದರೂ ಅಷ್ಟು ನೆಟ್ಟಗೆ ಬರುವುದಿಲ್ಲ. ಪಾರ್ಕಿನ ಮರದ ಬಳಿ ಬಂದಾಗ ಸರ್ವೆಯವನು ಹದಿನೆಂಟು ಹೆಜ್ಜೆ ಪಕ್ಕಕ್ಕೆ ಸರಿದು ಗೂಟ ನೆಟ್ಟ. ಅವಳು ಮರವನ್ನು ಮೇಲಿಂದ ಕೆಳಗೆ ನೋಡಿದಳು. ಅದರ ಸುತ್ತ ಕಟ್ಟೆ ಕಟ್ಟಿದ್ದರು. ಬುಡಕ್ಕೆ ನೀರು ಬಿಟ್ಟಿದ್ದರು. ಹಲಗೆ ಮೇಲೆ ಅದರ ವಯಸ್ಸು ಬರೆದಿದ್ದರು.

"ಪುಣ್ಯವಂತ," ಅಂದಳು ಅದಕ್ಕೆ. ಸುಣ್ಣ ಬಿಡುತ್ತಾ ಬಳಸಿ ಹೋದಳು.

ಗೆರೆ ಸಾಲುಮನೆಗೆ ಬಂತು. ಮೊದಲನೇ ಮನೆ ಬಾಗಿಲು. ಎರಡನೇ ಮನೆ. ಕೈ ತನ್ನ ಪಾಡಿಗೆ ಸುಣ್ಣ ಬಿಡುತ್ತಾ ಹೋಯಿತು. ಮೂವತ್ತೈದು ವರ್ಷ ಹೇಳಿದ ಕೆಲಸ ಮಾಡಿದ ಕೈ; ಅದಕ್ಕೆ ಯಾರ ಮನೆ ಅಂತ ಕೇಳುವ ಅಭ್ಯಾಸ ಇರಲಿಲ್ಲ. ಮೂರನೇ ಮನೆಯ ಹೊಸ್ತಿಲ ಮೇಲೆ ಅವ್ವ ಕಾಲು ಚಾಚಿ ಕೂತಿದ್ದಳು. ಕಣ್ಣು ಮಂಜು. ಮಗಳು ಅಂಗಳ ಗುಡಿಸುತ್ತಿದ್ದಾಳೆ ಅಂದುಕೊಂಡಳು. ಗೆರೆ ಹಾದುಹೋಗಲಿ ಅಂತ ಎರಡೂ ಕಾಲು ಎತ್ತಿ ಹಿಡಿದಳು.

ಡಾಂಬರಕ್ಕ ಆ ಎರಡು ಕಾಲಿನ ಕೆಳಗೆ ಸುಣ್ಣ ಬಿಟ್ಟಳು.

"ಆಯ್ತಾ?" ಅಂದಳು ಅವ್ವ.

"ಆಯ್ತು."

ಅವ್ವ ಕಾಲು ಇಳಿಸಿದಳು. ಹಿಮ್ಮಡಿಗೆ ಬಿಳಿ ಹತ್ತಿತು.

ನಾಲ್ಕು, ಐದು, ಆರು. ಮನೆಯವರು ಬಾಗಿಲಿಗೆ ಬಂದು ನಿಂತರು. ತಮ್ಮವಳೇ ಹಾಕುತ್ತಿದ್ದಾಳಲ್ಲ, ಏನಂತ ಅನ್ನಬೇಕು. ಹದಿಮೂರನೇ ಮನೆ ಮುಗಿಯಿತು. ಕೊನೇ ಮನೆಯ ಹತ್ತಿರ ಸರ್ವೆಯವನು ನಕ್ಷೆ ನೋಡಿದ, ಪಕ್ಕಕ್ಕೆ ಸರಿದ, ಗೂಟ ನೆಟ್ಟ.

"ಇಲ್ಲಿ ಬಾಗಿಸು. ಈ ಮನೆ ಬಿಟ್ಟು."

"ಯಾಕೆ?"

"ನಕ್ಷೇಲಿ ಇದೆ. ಪ್ರತಿನಿಧಿ ಮನೆ."

ಡಾಂಬರಕ್ಕ ನಿಂತಳು. ಬುಟ್ಟಿಯಲ್ಲಿ ಇನ್ನೂ ಅರ್ಧ ಸುಣ್ಣ ಇತ್ತು. ತಂಗಿ ಮನೆ ಬಾಗಿಲಿಗೆ ಬೀಗ, ತಂಗಿ ಕೆಲಸಕ್ಕೆ ಹೋಗಿದ್ದಳು. ಕಿಟಕಿಯಲ್ಲಿ ಒಗೆದ ಬಟ್ಟೆ ಒಣಗುತ್ತಿತ್ತು.

"ಹಾಕಲ್ಲ," ಅಂದಳು.

"ಏನಂದೆ?" ಅಂತ ಮೇಸ್ತ್ರಿ ಓಡಿ ಬಂದ.

"ಹಾಕಲ್ಲ ಅಂದೆ. ಕಿವಿ ಕೇಳಲ್ವಾ?" ಬುಟ್ಟಿಯನ್ನು ಅಲ್ಲೇ ಬೋರಲು ಹಾಕಿದಳು. ಬಿಳಿ ಧೂಳು ಎದ್ದು ಸರ್ವೆಯವನ ಪ್ಯಾಂಟಿಗೆ, ಮೇಸ್ತ್ರಿಯ ಮೀಸೆಗೆ ಕೂತಿತು.

"ನಾಳೆಯಿಂದ ಕೆಲಸಕ್ಕೆ ಬರಬೇಡ!"

"ಇವತ್ತಿಂದಲೇ ಬರಲ್ಲ ಹೋಗು!"

ಅವಳು ನ್ಯಾಯಕ್ಕಾಗಿ ನಿಂತಳು ಅಂತ ಆಮೇಲೆ ಎಷ್ಟೋ ಜನ ಹೇಳಿದರು. ಸುಳ್ಳು. ತನ್ನ ಹೊಸ್ತಿಲ ಮೇಲೆ, ಹೆತ್ತವಳ ಕಾಲ ಕೆಳಗೆ ಸುಣ್ಣ ಬಿಟ್ಟು ಬಂದವಳು ಅವಳು. ನಿಂತದ್ದು ತಂಗಿಯ ಮನೆ ಉಳಿಯಿತು ಅಂತ. ಬರೀ ಹೊಟ್ಟೆಕಿಚ್ಚಿಗೆ ನಿಂತಳು. ಹೇಗೋ, ನಿಂತಳು.

ತಂಗಿ ಬರುವುದನ್ನೇ ಕಾಯುತ್ತಾ ಅವಳ ಜಗಲಿಯ ಮೇಲೆ ಕೂತಿದ್ದಳು. ತಂಗಿ ಬಂದಳು, ನೆಲದ ಬಿಳಿ ಗೆರೆ ನೋಡಿದಳು, ಅದು ತನ್ನ ಮನೆಗೆ ಮುಂಚೆ ನಿಂತದ್ದನ್ನೂ ನೋಡಿದಳು. ಮುಖ ಬಣ್ಣಗೆಟ್ಟಿತು.

"ಎಷ್ಟಕ್ಕೆ ಮಾರಿಕೊಂಡೆ ನಮ್ಮನ್ನ? ಒಂದು ಕಪ್ಪು ಚಹಾಕ್ಕಾ?"

"ನಾನು ಕೇಳಲಿಲ್ಲ ಅಕ್ಕ. ಅವರೇ ಬಿಟ್ಟಿದ್ದು. ಮೊನ್ನೆ ನಕ್ಷೆ ಕೊಟ್ಟಾಗ ನೋಡಿದೆ."

"ನೋಡಿ? ಬೇಡ ಅಂದ್ಯಾ?"

ತಂಗಿ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸಿದಳು. ಆಮೇಲೆ ತಲೆ ಎತ್ತಿದಳು. ಕಣ್ಣಲ್ಲಿ ನೀರಿತ್ತು, ಆದರೆ ದನಿ ಗಟ್ಟಿ ಇತ್ತು. "ನಿನ್ನ ಮನೆ ಬಿಟ್ಟಿದ್ರೆ ನೀನು ಬೇಡ ಅಂತಿದ್ಯಾ?"

ಡಾಂಬರಕ್ಕ ಬಾಯಿ ತೆರೆದಳು. ಸುಳ್ಳು ಹೇಳಬಹುದಿತ್ತು. ಆದರೆ ಇವಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು, ಇವಳ ಎದುರು ಸುಳ್ಳು ನಿಲ್ಲುವುದಿಲ್ಲ.

"ತೋರಿಸು ಆ ನಕ್ಷೆ," ಅಂದಳು.

ತಂಗಿ ಒಳಗಿಂದ ತಂದು ಜಗಲಿಯ ಮೇಲೆ ಬಿಡಿಸಿದಳು. ಡಾಂಬರಕ್ಕ ನಕ್ಷೆಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಪಾರ್ಕು ಹಸಿರು. ಅದರೊಳಗೆ ಮರಕ್ಕೆ ಒಂದು ದುಂಡನೆ ಗುರುತು. ಬಡಾವಣೆಯ ಮನೆಗಳು ಒಂದೊಂದೂ ಚೌಕ, ಒಳಗೆ ನಂಬರು. ಕ್ಲಬ್ಬಿನ ಮೈದಾನ. ಕೆಳಗೆ ಒಂಟಿಯಾಗಿ ಒಂದು ಚೌಕ.

"ಇದು?"

"ನಮ್ಮನೆ."

"ನಾವೆಲ್ಲಿ?"

ತಂಗಿ ಚೌಕದ ಪಕ್ಕ ಬೆರಳಿಟ್ಟಳು. ಬರೀ ಬಿಳಿ ಕಾಗದ. ಅದರ ಮೇಲೆ ಸಣ್ಣ ಅಕ್ಷರ. "ಖಾಲಿ ಜಾಗ ಅಂತ ಬರೆದಿದ್ದಾರೆ."

"ಖಾಲಿ?" ಡಾಂಬರಕ್ಕ ಜಗಲಿಗೆ ಅಂಗೈ ಬಡಿದಳು. "ಇಲ್ಲಿ ಹೊಂಡ ಇತ್ತಲ್ಲೇ. ಎರಡಾಳು ಆಳ. ಊರಿನ ಒಡಕು ಇಟ್ಟಿಗೆ, ಕಸ, ಹಾಳುಮೂಳು ಎಲ್ಲ ಹೊತ್ತು ತಂದು ತುಂಬಿದ್ದು ಯಾರು? ನಾನು. ಮೊದಲನೇ ಮನೆಯವಳು. ಐದನೇ ಮನೆಯ ಗಂಡ ಹೆಂಡತಿ. ಯಾರಿಗೂ ಬೇಡ ಅಂತ ಇಲ್ಲಿ ಇರೋಕೆ ಬಿಟ್ಟರು. ನಾವು ತುಂಬಿದ ಜಾಗ ಖಾಲೀನಾ?"

ಹೇಳುತ್ತಾ ಹೇಳುತ್ತಾ ಅವಳಿಗೆ ಏನೋ ಹೊಳೆಯಿತು. ನಕ್ಷೆಯ ಗೆರೆಯ ಮೇಲೆ ಕರಿ ಉಗುರು ಆಡಿಸಿದಳು.

"ಇಲ್ಲಿ ರಸ್ತೆ ನಿಲ್ಲಲ್ಲ," ಅಂದಳು. "ತಳ ಇಲ್ಲ ಇದಕ್ಕೆ. ದೊಡ್ಡ ಲಾರಿ ಹೋದ್ರೆ ಕೂತ್ಕೊಳ್ಳುತ್ತೆ. ಈ ಮೈದಾನ ಇದೆಯಲ್ಲ, ಅಲ್ಲಾದ್ರೆ ನಿಲ್ಲುತ್ತೆ. ಮೊಳದ ಕೆಳಗೆ ಬಂಡೆ. ಕ್ಲಬ್ಬಿನ ಗೇಟಿನ ರಸ್ತೆ ಹಾಕಿದಾಗ ನಮ್ಮ ಎರಡು ಹಾರೆ ಮುರಿದಿದ್ದವು."

ತಂಗಿ ಅಕ್ಕನ ಮುಖ ನೋಡಿದಳು. "ಇದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ಬಾಯಿ ಬಿಡಬೇಡ ಅಂದವಳು ಯಾರು?"

ಅಂತಿಮ ಸಭೆಯ ದಿನ ಸಾಲುಮನೆಯವರು ಎಲ್ಲರೂ ಹೋದರು. ಅವ್ವನನ್ನೂ ಕರೆದೊಯ್ದರು. ತಂಗಿಗೆ ವೇದಿಕೆ ಮೇಲೆ ಕುರ್ಚಿ ಹಾಕಿದ್ದರು. ಅವಳು ಹೋಗಿ ಕೂತಳು. ಡಾಂಬರಕ್ಕ ಅದನ್ನು ನೋಡಿ ಹಲ್ಲು ಕಚ್ಚಿಕೊಂಡಳು. ಹಿಂದೆ ಖಾಲಿ ಇದ್ದ ಕುರ್ಚಿಗಳಲ್ಲಿ ಅವ್ವನನ್ನು ಕೂರಿಸಿದಳು. ಬಾಕಿಯವರೂ ಒಬ್ಬೊಬ್ಬರಾಗಿ ಕೂತರು.

ಯೋಜನಾಧಿಕಾರಿ ಓದಿದರು. "ಸಾಲುಮನೆಯ ಪ್ರತಿನಿಧಿ ಸಹಿ ಹಾಕಿ ಒಪ್ಪಿಗೆ ಸೂಚಿಸಿದ್ದರಿಂದ, ಬೇರೆ ಆಕ್ಷೇಪಣೆಗಳು ಬಾರದ್ದರಿಂದ..."

"ಬಂದಿದೆ," ಅಂದಳು ಡಾಂಬರಕ್ಕ. "ನಾನೇ ಬಂದಿದ್ದೀನಿ."

"ಅವಧಿ ಮುಗಿದಿದೆಯಮ್ಮ. ಕೂತ್ಕೊಳ್ಳಿ."

"ಇಷ್ಟು ದಿನ ನಿಲ್ಲಿಸಿದ್ರಿ. ಈಗ ಎದ್ದ ಮೇಲೆ ಕೂರು ಅಂತೀರಾ?" ಅವಳು ನಡುವಿನ ದಾರಿಯಲ್ಲಿ ಮುಂದೆ ಬಂದಳು. "ಒಂದು ಕೇಳ್ತೀನಿ. ಈ ಹಾಲಲ್ಲಿ ಇಷ್ಟು ಜನ ರಸ್ತೆ ಬಗ್ಗೆ ಮಾತಾಡ್ತಿದೀರಿ. ರಸ್ತೆ ಹಾಕಿದವರು ಯಾರಿದ್ದೀರಿ? ಕೈ ಎತ್ತಿ."

ಹಿಂದಿನ ಕುರ್ಚಿಗಳಲ್ಲಿ ಒಂಬತ್ತು ಕೈ ಮೇಲೆದ್ದವು. ಮುಂದೆ ಒಂದೂ ಇಲ್ಲ.

"ನೋಡಿ, ಗೆರೆ ಬಾಗಿಸೋಕೆ ಬರಲ್ಲ," ಅಂದರು ಯೋಜನಾಧಿಕಾರಿ, ಮಗುವಿಗೆ ಹೇಳುವ ಹಾಗೆ. "ಅದು ತಾಂತ್ರಿಕ ವಿಷಯ. ನಿಮಗೆ ಅರ್ಥ ಆಗಲ್ಲ."

"ಮರಕ್ಕೆ ಬಾಗಿತು. ಹದಿನೆಂಟು ಹೆಜ್ಜೆ. ಸುಣ್ಣ ಬಿಟ್ಟಿದ್ದು ನಾನು, ನನಗೆ ಗೊತ್ತು. ಅಲ್ಲಿ ಕೂತಿದ್ದಾಳಲ್ಲ ನನ್ನ ತಂಗಿ, ಅವಳ ಮನೆಗೂ ಬಾಗಿತು. ನಿಮ್ಮ ಗೆರೆಗೆ ಸೊಂಟ ಇದೆ ಸ್ವಾಮಿ. ನಮ್ಮ ಹತ್ತಿರ ಬಂದಾಗ ಮಾತ್ರ ಅದಕ್ಕೆ ಬೆನ್ನುಮೂಳೆ ಹುಟ್ಟುತ್ತೆ."

ಮೇಲೆ ಕೂತ ತಂಗಿಯ ತಲೆ ಬಗ್ಗಿತು. ಅದನ್ನು ನೋಡಿ ಡಾಂಬರಕ್ಕನಿಗೆ ಒಂದು ಗಳಿಗೆ ಸುಖ ಆಯಿತು. ಹೌದು, ಆಯಿತು. ಆಮೇಲೆ ಅವಳು ಹೊಂಡದ ಕಥೆ ಹೇಳಿದಳು. ಎಷ್ಟು ಆಳ, ಏನು ತುಂಬಿದ್ದು, ಮೇಲೆ ಎಷ್ಟು ಮಣ್ಣು ಹಾಕಿದ್ದು, ಮಳೆಗಾಲದಲ್ಲಿ ಯಾವ ಗೋಡೆ ಬಿರುಕು ಬಿಡುತ್ತೆ, ಕ್ಲಬ್ಬಿನ ಮೈದಾನದಲ್ಲಿ ಬಂಡೆ ಎಷ್ಟು ಕೆಳಗಿದೆ, ಎಲ್ಲ. ಮೂಲೆಯಲ್ಲಿ ಕೂತಿದ್ದ ಕಿರಿಯ ಎಂಜಿನಿಯರು ತಲೆ ಎತ್ತಿ ಕೇಳತೊಡಗಿದ.

"ಮೂರು ನಿಮಿಷ ಆಯ್ತು," ಅಂದ ಗುಮಾಸ್ತ.

"ಮೂವತ್ತೈದು ವರ್ಷ ಆಯ್ತು," ಅಂದಳು ಡಾಂಬರಕ್ಕ.

ಕಾವಲಿನವನು ಬಂದು ತೋಳು ಹಿಡಿದ. ಸುಟ್ಟ ಕಲೆಯ ತೋಳು. ಅವಳು ಕೊಡವಿದಳು. ಯೋಜನಾಧಿಕಾರಿ ತಂಗಿಯ ಕಡೆ ತಿರುಗಿದರು. "ನೀವಾದ್ರೂ ಹೇಳಮ್ಮ. ನೀವು ಒಪ್ಪಿ ಸಹಿ ಹಾಕಿದ್ದೀರಿ ತಾನೆ?"

ತಂಗಿ ಎದ್ದಳು. "ಹಾಜರಿ ಅಂತ ಹಾಕಿದ್ದೆ. ಒಪ್ಪಿಗೆ ಅಂತ ಅಲ್ಲ," ಅಂದಳು. ಅಷ್ಟೇ. ಮಾನ್ಯರೇ ಅನ್ನಲಿಲ್ಲ. ಅವರ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಗೋಡೆಗೆ ತೂಗುಹಾಕಿದ್ದ ದೊಡ್ಡ ನಕ್ಷೆಯ ಬಳಿ ಹೋದಳು. ಖಾಲಿ ಜಾಗದ ಮೇಲೆ ಒಂದು ಚೌಕ ಬರೆದಳು. ಅದರ ಪಕ್ಕ ಇನ್ನೊಂದು.

"ಏನಮ್ಮ ಇದು! ಸರ್ಕಾರಿ ನಕ್ಷೆ!"

ತಂಗಿ ಮೂರನೇ ಚೌಕ ಬರೆದಳು.

"ಅದು ನಮ್ಮನೆ," ಅಂತ ಕೂಗಿದಳು ಡಾಂಬರಕ್ಕ. "ನಿನ್ನ ಮನೆಗಿಂತ ಚಿಕ್ಕದು ಮಾಡ್ಬೇಡ! ಹಿತ್ತಲು ಇದೆ, ಅದನ್ನೂ ಹಾಕು!"

ತಂಗಿ ಅಳುತ್ತಲೇ ನಕ್ಕಳು. ಹಿತ್ತಲು ಹಾಕಿದಳು. ಕಾವಲಿನವರು ಹತ್ತಿ ಬರುವಷ್ಟರಲ್ಲಿ ಹದಿಮೂರೂ ಮುಗಿದಿತ್ತು.

ಅದಕ್ಕೆ ಇಬ್ಬರೂ ಬೆಲೆ ತೆತ್ತರು. ಡಾಂಬರಕ್ಕನನ್ನು ಊರಿನ ಯಾವ ಮೇಸ್ತ್ರಿಯೂ ಗ್ಯಾಂಗಿಗೆ ಸೇರಿಸಿಕೊಳ್ಳಲಿಲ್ಲ. ದೂರದ ಕ್ವಾರಿಯಲ್ಲಿ ಕಲ್ಲು ಒಡೆಯೋಕೆ ಹೋದಳು. ಗ್ರಂಥಾಲಯದಲ್ಲಿ ತಂಗಿಯನ್ನು ಪುಸ್ತಕದ ಕೋಣೆಯಿಂದ ತೆಗೆದು ಹೊರಗೆ ಬಿಸಿಲಲ್ಲಿ ಅಂಗಳ ಗುಡಿಸೋಕೆ ಹಾಕಿದರು. ಎರಡನೇ ವಾರಕ್ಕೆ ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಡಾಂಬರಕ್ಕ ಅದನ್ನು ನೋಡಿದಳು. ಇದನ್ನೇ ತಾನು ಇಷ್ಟು ವರ್ಷ ಬೇಡಿಕೊಂಡದ್ದು ಅನ್ನಿಸಿತು. ನೋಡಲಾಗಲಿಲ್ಲ. "ಪೊರಕೆ ಹಿಡಿಯೋಕೂ ಬರಲ್ಲ ನಿಂಗೆ," ಅಂತ ಬೈದು, ಹಿಡಿಯುವ ರೀತಿ ತೋರಿಸಿಕೊಟ್ಟಳು.

ಕಿರಿಯ ಎಂಜಿನಿಯರು ಸಾಲುಮನೆಗೆ ಬಂದು ಆರು ಕಡೆ ನೆಲ ಕೊರೆಸಿದ. ಇಟ್ಟಿಗೆ ಚೂರು ಬಂತು, ಬಟ್ಟೆ ಚಿಂದಿ ಬಂತು, ಕೆಸರು ಬಂತು. ಕ್ಲಬ್ಬಿನ ಮೈದಾನದಲ್ಲಿ ಬಂಡೆ ಸಿಕ್ಕಿತು. ಮನುಷ್ಯರಿಗೆ ಬಾಗದ ಗೆರೆ ಕೆಸರಿಗೆ ಬಾಗಿತು. ಸಾಲುಮನೆ ಉಳಿಯಿತು. ಜನ ತಂಗಿಯನ್ನು ಹೆಗಲ ಮೇಲೆ ಹೊರುವುದೊಂದು ಬಾಕಿ. ಎಲ್ಲರ ಬಾಯಲ್ಲೂ ಚೌಕ ಬರೆದ ಮಾತೇ. "ಏನು ಧೈರ್ಯ ನಿನ್ನ ತಂಗೀದು!" ಅನ್ನುತ್ತಿದ್ದರು ಡಾಂಬರಕ್ಕನಿಗೆ. ಅವ್ವ ಕೂಡ ಅಂದಳು.

ಕಚೇರಿಯ ಗೋಡೆಗೆ ಸಭೆಯ ನಡಾವಳಿ ಅಂಟಿಸಿದಾಗ ಅಕ್ಕತಂಗಿ ಇಬ್ಬರೂ ಹೋದರು. ತಂಗಿ ಓದಿದಳು. "ಸಾಲುಮನೆಯ ಪ್ರತಿನಿಧಿಯವರು ನೆಲದ ಸ್ವರೂಪವನ್ನು ಸಭೆಯ ಗಮನಕ್ಕೆ ತಂದ ಮೇರೆಗೆ..."

ಅಲ್ಲಿಗೆ ನಿಲ್ಲಿಸಿದಳು.

"ಪ್ರತಿನಿಧಿ ಅಂದ್ರೆ?"

"ನಾನು."

"ಮುಂದೆ ಓದು."

"ಬೇಡ ಅಕ್ಕ."

"ಓದೇ."

"ಸಭೆಯಲ್ಲಿ ಒಬ್ಬ ಮಹಿಳೆ ಗಲಾಟೆ ಮಾಡಿದ್ದರಿಂದ ಕಲಾಪವನ್ನು ಹತ್ತು ನಿಮಿಷ ನಿಲ್ಲಿಸಲಾಯಿತು."

"ಆ ಮಹಿಳೆ?"

"ನೀನು."

ಡಾಂಬರಕ್ಕ ಸೀದಾ ಒಳಗೆ ಹೋದಳು. ಗುಮಾಸ್ತನ ಮೇಜಿನ ಎದುರಿನ ಕುರ್ಚಿ ಎಳೆದು ಕೂತಳು. "ತಿದ್ದು," ಅಂದಳು.

ವಿಷಯ ತಿಳಿದು ಗುಮಾಸ್ತ ನಕ್ಕ. "ನಿಮ್ಮ ಮನೆ ಉಳೀತಲ್ಲಮ್ಮ. ಯಾರು ಹೇಳಿದ್ರು ಅಂತ ಬರೆದಿದ್ರೆ ನಿಮಗೇನು?"

"ನನಗೇನಾ? ಮರ ಹೇಳಿದ್ದನ್ನ ಬರೆದಿರಿ. ಇವಳು ಹೇಳದೆ ಇದ್ದದ್ದನ್ನೂ ಬರೆದಿರಿ. ನಾನು ಹೇಳಿದ್ದು ಗಲಾಟೆಯಾ? ತಿದ್ದೋವರೆಗೂ ಏಳಲ್ಲ."

"ಹಾಗೆಲ್ಲ ತಿದ್ದೋಕೆ ಬರಲ್ಲ."

"ನಾಳೆನೂ ಬರ್ತೀನಿ. ನಾಡಿದ್ದೂ ಬರ್ತೀನಿ. ಕಲ್ಲು ಒಡೆಯೋ ಕೆಲಸ, ರಜಾ ಕೇಳೋ ಅಗತ್ಯ ಇಲ್ಲ."

ಬೆಳಗ್ಗೆ ಹನ್ನೊಂದಕ್ಕೆ ಕೂತವಳು. ಗುಮಾಸ್ತ ಊಟಕ್ಕೆ ಹೋಗಿ ಬಂದ. ಕೂತೇ ಇದ್ದಳು. ತಂಗಿ ಪಕ್ಕದಲ್ಲಿ ನಿಂತೇ ಇದ್ದಳು. "ನಡಿ ಅಕ್ಕ" ಅಂತ ಒಂದು ಸಲವೂ ಅನ್ನಲಿಲ್ಲ. ಕಿರಿಯ ಎಂಜಿನಿಯರು ಎರಡು ಸಲ ಬಂದು ನೋಡಿದ. ಮೂರನೇ ಸಲ ಬಂದು ಗುಮಾಸ್ತನ ಕಿವಿಯಲ್ಲಿ ಏನೋ ಹೇಳಿ ಹೋದ.

ಗುಮಾಸ್ತ ದೊಡ್ಡ ಪುಸ್ತಕ ತೆಗೆದ. ಪೆನ್ನಿನ ಮುಚ್ಚಳ ಬಿಚ್ಚಿದ. "ಏನಂತ ಬರೀಬೇಕು ಹೇಳಿ."

ಇದಕ್ಕೆ ಡಾಂಬರಕ್ಕ ತಯಾರಿರಲಿಲ್ಲ. ಏನಂತ ಬರೀಬೇಕು ಅಂತ ಅವಳನ್ನು ಯಾರೂ ಯಾವತ್ತೂ ಕೇಳಿರಲಿಲ್ಲ.

"ಗಲಾಟೆ ಮಾಡಿದವಳೇ ಹೇಳಿದಳು ಅಂತ ಬರಿ," ಅಂದಳು. "ರಸ್ತೆ ಹಾಕೋಳು. ಮೂವತ್ತೈದು ವರ್ಷದಿಂದ."

ಅವನು ಬರೆದ. ಪುಸ್ತಕ ಮುಚ್ಚಲು ಹೋದ. ಅವಳು ಅಂಗೈ ಅಡ್ಡ ಇಟ್ಟಳು.

"ಇವನ ಮಾತು ನಂಬಲ್ಲ ನಾನು. ನೀನು ನೋಡು," ಅಂದಳು ತಂಗಿಗೆ. "ಸರಿಯಾಗಿ ಬರೆದಿದ್ದಾನಾ?"

ತಂಗಿ ಬಗ್ಗಿ ಓದಿದಳು. ಒಂದು ಅಕ್ಷರ ಬಿಡದೆ, ಇಡೀ ಕಚೇರಿಗೆ ಕೇಳುವ ಹಾಗೆ.

"ಇನ್ನೊಂದು ಸಲ," ಅಂದಳು ಡಾಂಬರಕ್ಕ.